ನಷ್ಟಕ್ಕೊಂದು ಸೊನ್ನೆ

ವಿದ್ಯಾನಗರದಲ್ಲಿ, ಕೋರ್ಟಿನೆದುರಿನ ಜೆರಾಕ್ಸ್ ಅಂಗಡಿಯ ಒಳಮೂಲೆಯಲ್ಲಿ
ನಾನು ಅರ್ಜಿ ಟೈಪು ಮಾಡುವವಳು. ಪುಟಕ್ಕೆ ಮೂವತ್ತು.
ಗಡಿಕಲ್ಲು ಕಿತ್ತವರು, ಜೀವನಾಂಶ ಕೇಳುವವರು, ಚೆಕ್ಕು ಮರಳಿದವರು,
ಎಲ್ಲರ ಸಂಕಟಕ್ಕೂ ನನ್ನಲ್ಲಿ ಒಂದೇ ಅಳತೆಯ ಮಾರ್ಜಿನ್ನು.

ಸೋಮವಾರ ಮೂವರು ಬಂದರು, ಮೂವರಿಗೂ ಒಂದೇ ನೀಲಿ ಜರ್ಸಿ.
ಮೀನಿನ ಏಲಂ ಕೂಗುವ ಮೊಯ್ದು,
ಬಸ್ಸಿನ ಕಂಡಕ್ಟರ್ ದೂಮಪ್ಪ ಬೆಳ್ಚಡ,
ಸೀರೆಯ ಮೇಲೆಯೇ ಜರ್ಸಿ ತೊಟ್ಟ ಲಿಲ್ಲಿ ಟೀಚರು.
ಕಬಡ್ಡಿಯ ಮೇಲೆ ಕೇಸು ಹಾಕಬೇಕು, ಎಂದರು.
ನಾನು ನಗಲಿಲ್ಲ. ಇಲ್ಲಿ ಕೂತು ಹನ್ನೆರಡು ವರ್ಷ.

ಸಂಗತಿ ಇಷ್ಟೆ: ಎಂಟು ತಂಡ, ಹದಿನಾಲ್ಕು ಆಟ,
ಮೇಲಿನ ನಾಲ್ಕಕ್ಕೆ ಸೆಮಿಫೈನಲ್, ಹಾಗೆಂದು ಅಚ್ಚಾದ ಮಾತು.
ಹದಿಮೂರು ಮುಗಿದಾಗ ಬಂದ್ಯೋಡು ನಾಲ್ಕನೆಯದು.
ಆ ರಾತ್ರಿ ಹನ್ನೊಂದಕ್ಕೆ ನಿಯಮ ಮಗ್ಗುಲು ಬದಲಿಸಿತು:
ಮೇಲಿನ ಮೂರೇ. ನಾಲ್ಕನೆಯದಕ್ಕೆ ಫೋನಿನಲ್ಲಿ ಮತ.
ಗೆದ್ದದ್ದು ಏಳನೆಯ ತಂಡ. ಅದರ ಒಡೆಯನದು ಚಿನ್ನದಂಗಡಿ.
ಬಳೆಯೊಂದಕ್ಕೆ ಇಪ್ಪತ್ತು ಮತ ಪುಕ್ಕಟೆಯಂತೆ, ಎಂದ ದೂಮಪ್ಪ.
ಸಾಕ್ಷಿ ಇಲ್ಲ, ಅದು ಬರೆಯಬೇಡಿ, ಎಂದರು ಟೀಚರು.
ನಾನು ಬರೆಯಲಿಲ್ಲ.

ಕುಂಞಿಕಣ್ಣನ್ ವಕೀಲರು ಟಿಕೆಟಿನ ಬೆನ್ನು ತಿರುಗಿಸಿದರು.
ಇರುವೆಸಾಲಿನಂಥ ಅಕ್ಷರ: ನಿಯಮ ಬದಲಿಸುವ ಹಕ್ಕು ಸಂಘಟಕರದು.
ದಾರಿ ಇಲ್ಲವೆಂದಲ್ಲ, ಎಂದರು.
ತಡೆಯಾಜ್ಞೆ ಕೇಳಬಹುದು. ಆದರೆ ಕೇಳಬೇಕಾದ್ದು ತಂಡ,
ತಂಡಕ್ಕೆ ಬಾಯಿಲ್ಲ, ಬರುವ ವರ್ಷವೂ ಅದೇ ಅಂಕಣದಲ್ಲಿ ಆಡಬೇಕು.
ಗ್ರಾಹಕರ ಆಯೋಗಕ್ಕೆ ಹೋಗಬಹುದು. ಅವರು ಹೇಳುತ್ತಾರೆ,
ಕುರ್ಚಿ ಕೊಟ್ಟಿದ್ದೇವೆ, ಆಟ ತೋರಿಸಿದ್ದೇವೆ, ಇನ್ನೇನು?
ಆಮೇಲೆ ಕನ್ನಡಕ ತೆಗೆದು, ತಮ್ಮ ಮಾತಿನಲ್ಲಿ, ಮೆಲ್ಲಗೆ:
ನಿಙ್ಙಳ್ಕ್ ಎಂದಾ ನಷ್ಟಂ?

ನಷ್ಟ. ಗಡಿಯ ಎರಡೂ ಕಡೆ ಅದೇ ಮಾತು,
ಮಲಯಾಳದಲ್ಲಿ ತುದಿಗೊಂದು ಸೊನ್ನೆ ಹೆಚ್ಚು.
ನನ್ನ ಬೆರಳು ಆ ಸೊನ್ನೆಯ ಮೇಲೆ ಕಾದು ಕೂತಿತು.

ಮೊಯ್ದು ಎಣಿಸಿದ: ಸೀಸನ್ ಟಿಕೆಟು ಆರುನೂರು,
ನಿದ್ದೆಗೆಟ್ಟು ಏಲಂ ತಪ್ಪಿದ ಮೂರು ಬೆಳಗು,
ಕೂಗಿ ಕೂಗಿ ಕಟ್ಟಿದ ಗಂಟಲು. ಆ ಗಂಟಲೇ ಅವನ ಅಂಗಡಿ.
ದೂಮಪ್ಪ ಹೇಳಿದ: ಪಾಳೆಯ ದಾಟಿ ಹುಡುಗ ಉಸಿರು ಕಟ್ಟಿದಾಗಲೆಲ್ಲ
ನಾನೂ ಕಟ್ಟಿದ್ದೇನೆ, ಹದಿಮೂರು ಆಟ.
ಆ ಉಸಿರಿಗೆ ರಸೀದಿ ಹರಿದು ಕೊಡುವವರುಂಟೇ?

ಟೀಚರು ತಡೆದು ತಡೆದು ಹೇಳಿದರು,
ನಾವು ಗೆಲುವು ಕೇಳುತ್ತಿಲ್ಲ ಸರ್.
ಕೊನೆಯ ಆಟದಲ್ಲಿ ಸೋಲುತ್ತಿದ್ದೆವೋ ಏನೋ,
ನಮ್ಮ ಬಲಮೂಲೆಯ ಹುಡುಗನಿಗೆ ಮೊಣಕಾಲು ನೋವಿತ್ತು.
ಆದರೆ ಆ ಸೋಲು ನಮ್ಮದು.
ಅದನ್ನು ಕೊಡಿಸಿ.

ವಕೀಲರು ಒಂದು ಗಳಿಗೆ ಹೊರಗಿನ ರಿಕ್ಷಾಗಳನ್ನು ನೋಡಿದರು.
ಬರಿ, ಎಂದರು ನನಗೆ. ಬರೆದೆ.
ಪರಿಹಾರ: ರೂಪಾಯಿ ಆರುನೂರು, ಬಡ್ಡಿ, ದಾವೆಯ ಖರ್ಚು,
ಹಾಗೂ ಆಯೋಗಕ್ಕೆ ಯುಕ್ತವೆಂದು ಕಂಡ ಇತರ.
ಎಲ್ಲ ಅರ್ಜಿಗೂ ಅಂಟಿಸುವ ಸಾಲು ಅದು, ಕಣ್ಣುಮುಚ್ಚಿ ಹೊಡೆಯುತ್ತೇನೆ.
ಈ ಸಲ ‘ಇತರ’ ಎಂಬಲ್ಲಿ ಕೈ ನಿಂತಿತು.
ಅವರ ಸೋಲು ಎಲ್ಲಾದರೂ ಕೂರುವುದಿದ್ದರೆ ಅಲ್ಲೇ ಕೂರಬೇಕು,
ನಾಲ್ಕು ಅಕ್ಷರವೂ ಇಲ್ಲದ ಜಾಗ.

ಮೊದಲ ವಾಯಿದೆ, ಫೈನಲ್ ಮುಗಿದ ಹನ್ನೊಂದನೇ ದಿನಕ್ಕೆ ಇರಬಹುದಂತೆ.
ಮೂರು ಪುಟಕ್ಕೆ ತೊಂಬತ್ತು. ದೂಮಪ್ಪ ನೂರು ಕೊಟ್ಟು
ಚಿಲ್ಲರೆ ಇರಲಿ ಎಂದ, ಕಂಡಕ್ಟರನಾಗಿ.

ಅವರು ಹೋದ ಮೇಲೆ ಎಡಗೈಯ ಬಳೆ ಬಿಚ್ಚಿ ಡ್ರಾವರಿನಲ್ಲಿಟ್ಟೆ.
ಅರ್ಧ ಪವನು, ಹತ್ತು ಕಂತು, ಹೋದ ತಿಂಗಳಷ್ಟೇ ಕೈಗೆ ಬಂದದ್ದು.
ಅಂಗಡಿಯ ಹುಡುಗ ಫೋನು ಕೇಳಿ ತೆಗೆದುಕೊಂಡು
ಏನೋ ಒತ್ತಿದ್ದ, ಇಪ್ಪತ್ತು ಸಲ,
ನಾನು ಬಳೆ ನೋಡುತ್ತಿದ್ದೆ.
ರಸೀದಿ ಪರ್ಸಿನಲ್ಲಿ ಇನ್ನೂ ಇದೆ, ಎರಡಾಗಿ ಮಡಚಿ.
ಸಾಕ್ಷಿಗಳ ಪಟ್ಟಿ ಎಂಬಲ್ಲಿ ನಾನು ಹೊಡೆದದ್ದು
ಒಂದು ಗೆರೆ.